ಸಾವಿನ ಮನೆಯ ಕರೆಂಟು

ನಮ್ಮ ದ್ವೀಪದ ಕಾನ್‌ಬುಗಾಸ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಜಪಸರ ಹಿಡಿದ ಪ್ರಾರ್ಥನೆಯ ಹೆಂಗಸರು ಬರುತ್ತಿದ್ದರು. ಅವರ ಹಿಂದೆ ಊರಿನ ಜನರೇಟರನ್ನು ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಅಬುಂಡಿಯೋ ಬರುತ್ತಿದ್ದ. ಅಬುಂಡಿಯೋನ ಬೆನ್ನಿಗೇ, ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಲುಡಿವಿನಾ ಬರುತ್ತಿದ್ದಳು.

ಲುಡಿವಿನಾಗೆ ಆಗ ಐವತ್ತರ ಆಸುಪಾಸು. ಮುಂಚೆ ಅವಳು ಬಂದರಿನ ಟಿಕೆಟ್ ಕಿಟಕಿಯ ಹಿಂದೆ ಕೂತು, ಆಚೆ ದಡದ ದುಮಗೆಟೆ ಪಟ್ಟಣಕ್ಕೆ ಹಡಗು ಹೊರಡುವ ಹೊತ್ತನ್ನು ಮೈಕಿನಲ್ಲಿ ಕೂಗಿ ಹೇಳುತ್ತಿದ್ದವಳು. ಆ ದನಿ ಕೇಳಿ ಎಷ್ಟೋ ಜನ ಅರ್ಧ ಊಟ ಬಿಟ್ಟು ಓಡಿ ಹಡಗು ಹತ್ತಿದ್ದುಂಟು. ಟಿಕೆಟ್ಟುಗಳೆಲ್ಲ ಮೊಬೈಲಿಗೆ ಹೋದ ಮೇಲೆ ಆ ಕಿಟಕಿ ಮುಚ್ಚಿತು. ಗಂಡ ರುವೆಲ್ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸದವನು, ವರ್ಷಕ್ಕೊಮ್ಮೆ ಮನೆಗೆ ಬರುವ ನೆಂಟ. ಮಗಳು ದುಮಗೆಟೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೈಕಟ್ಟಿ ಕೂರುವ ಹಾಗಿರಲಿಲ್ಲ. ಆಗ ನೆರವಿಗೆ ಬಂದದ್ದು ಆಸ್ಟ್ರೇಲಿಯದ ಪರ್ತ್ ಊರಿಗೆ ಮದುವೆಯಾಗಿ ಹೋಗಿದ್ದ ಚಿಕ್ಕಪ್ಪನ ಮಗಳು. ಅಲ್ಲಿನ ಒಂದು ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿಗೂಡು ತೊಳೆಯುತ್ತಿದ್ದ ಅವಳು, ಫೋನೆತ್ತಿ ಮಾತಾಡಲು ಒಳ್ಳೆಯ ದನಿ ಬೇಕಾಗಿದೆ ಎಂಬುದು ಕಿವಿಗೆ ಬಿದ್ದದ್ದೇ ಲುಡಿಯ ಹೆಸರು ಹೇಳಿಬಿಟ್ಟಳು. ಪರ್ತ್‌ಗೂ ನಮಗೂ ಗಡಿಯಾರ ಒಂದೇ. ಅಲ್ಲಿ ಆಸ್ಪತ್ರೆಯ ಬಾಗಿಲು ತೆರೆದಾಗ ಲುಡಿ ಇಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಯಾರ ನಾಯಿಗೆ ಭೇದಿ, ಯಾರ ಬೆಕ್ಕಿಗೆ ಕೆಮ್ಮು, ಯಾವಾಗ ಕರೆತರಬೇಕು, ಎಲ್ಲವನ್ನೂ ವಿಚಾರಿಸಿ ಹೊತ್ತು ಗೊತ್ತುಮಾಡಿ ಕೊಡುವುದು ಅವಳ ಕೆಲಸ.

ಆ ಕೆಲಸ ಅವಳಿಗೆ ಒಗ್ಗಿಹೋಗಿತ್ತು. ಒಗ್ಗದೆ ಇದ್ದದ್ದು ದ್ವೀಪದ ಕರೆಂಟು. ದ್ವೀಪಕ್ಕೆಲ್ಲ ಕರೆಂಟು ಕೊಡುತ್ತಿದ್ದ ಇಂಜಿನ್ನುಗಳು ಒಂದಾದ ಮೇಲೊಂದು ಕೆಟ್ಟು, ಕರೆಂಟು ಬೆಳಿಗ್ಗೆ ಮುಖ ತೋರಿಸಿ ಹೋದರೆ ಮತ್ತೆ ಯಾವಾಗ ಬರುತ್ತದೆಂದು ಹೇಳುವವರೇ ಇರಲಿಲ್ಲ. ಗುಡ್ಡದ ಮೇಲಿನ ಮೊಬೈಲ್ ಟವರಿಗೆ ಅದರದೇ ಇಂಜಿನ್ ಇದ್ದುದರಿಂದ ಸಿಗ್ನಲ್ಲಿಗೆ ಕೊರತೆ ಇರಲಿಲ್ಲ. ಆದರೆ ಲುಡಿಯ ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಪ್ಲಗ್ಗು ಕಿತ್ತ ಸ್ವಲ್ಪ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು. ಕಡಲ ದಂಡೆಯ ಪಿಜ್ಜಾ ಅಂಗಡಿಯಲ್ಲಿ ಜನರೇಟರ್ ಇತ್ತು, ವಿದೇಶದ ಹುಡುಗ ಹುಡುಗಿಯರು ಅಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಲುಡಿಯೂ ಒಂದು ದಿನ ಹೋಗಿ ನೋಡಿದಳು. ಅಲ್ಲಿನ ಹಾಡಿನ ಅಬ್ಬರಕ್ಕೆ ಫೋನಿನಲ್ಲಿದ್ದ ಮುದುಕಿಯೊಬ್ಬಳು, "ಏನಮ್ಮಾ, ಕುಣಿತಾ ಇದೀಯಾ? ನನ್ನ ಬೆಕ್ಕಿಗೆ ಉಸಿರು ಕಟ್ತಾ ಇದೆ" ಎಂದಳು. ಲುಡಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮೊದಲ ಸಲ ಸಾವಿನ ಮನೆಗೆ ಹೋದದ್ದು ನಿಜವಾಗಿಯೂ ಅಳುವುದಕ್ಕೇ. ತೀರಿಕೊಂಡವನು ಅವಳ ಸೋದರಮಾವ. ನಮ್ಮಲ್ಲಿ ಹೆಣವನ್ನು ಕೆಡದಂತೆ ಮದ್ದು ಹಾಕಿಸಿ, ಮನೆಯಲ್ಲಿಟ್ಟುಕೊಂಡು ಒಂದು ವಾರದವರೆಗೂ ಕಾಯುತ್ತಾರೆ, ಅದು ಹಾಯಾ. ಹಾಯಾ ನಡೆಯುವ ಮನೆಗೆ ಊರಿನ ಜನರೇಟರ್ ಸಲ್ಲಬೇಕೆಂಬುದು ಹಳೆಯ ಕಟ್ಟಳೆ. ದೀಪ, ಹೆಣದ ಪೆಟ್ಟಿಗೆಯ ಬಳಿ ಫ್ಯಾನು, ಬಂದವರಿಗೆ ಕಾಫಿ, ಬಿಸ್ಕತ್ತು, ಮೂಲೆಯಲ್ಲಿ ಇಸ್ಪೀಟು. ಮಾವನ ಕಾಲ ಬಳಿ ಕೂತು ಅತ್ತು ಕಣ್ಣೊರೆಸಿಕೊಂಡವಳ ಕಣ್ಣಿಗೆ ಗೋಡೆಯ ಖಾಲಿ ಪ್ಲಗ್ಗು ಬಿತ್ತು. ಆ ವಾರ ಅವಳ ಒಂದು ಕರೆಯೂ ತಪ್ಪಲಿಲ್ಲ.

ಅಲ್ಲಿಂದ ಅದು ರೂಢಿಯಾಯಿತು. ಹೋದ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಕಾಫಿ ಸೋಸುತ್ತಿದ್ದಳು, ಪ್ರಾರ್ಥನೆಯ ಹೊತ್ತಿಗೆ ಫೋನು ಬರದಿದ್ದರೆ ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸುತ್ತಿದ್ದಳು. ಹಾಗಾಗಿ ಯಾರೂ ಬೇಡ ಎನ್ನಲಿಲ್ಲ. ಒಮ್ಮೆ ಒಬ್ಬರ ಮನೆಯಲ್ಲಿ ಅವಳು ಹೆಡ್‌ಫೋನಿನಲ್ಲಿ ಯಾರದೋ ನಾಯಿಯ ಬಗ್ಗೆ, "ಎಷ್ಟು ದಿನದಿಂದ ಊಟ ಬಿಟ್ಟಿದ್ದಾನೆ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಸತ್ತವನ ಅತ್ತೆಗೆ ಕಿವಿ ಮಂದ.

"ಭಾನುವಾರದಿಂದ ಕಣಮ್ಮಾ, ಬರೀ ಗಂಜಿ ತಿಳಿ" ಎಂದು ನಿಟ್ಟುಸಿರಿಟ್ಟಳು ಅವಳು.

"ಎದ್ದು ಓಡಾಡ್ತಾನಾ?" ಎಂದು ಲುಡಿ ಫೋನಿಗೆ ಕೇಳಿದಳು.

"ಎಲ್ಲಿ ಓಡಾಡ್ತಾನೆ! ಪೆಟ್ಟಿಗೆಯೊಳಗೆ ಮಲಗಿದಾನೆ, ಕಾಣಲ್ವಾ ನಿನಗೆ?"

ಮಕ್ಕಳು ಮೊಮ್ಮಕ್ಕಳೆಲ್ಲ ಅಳು ಮರೆತು ನಕ್ಕರು. ಆ ಮಾತು ಊರಿನಲ್ಲಿ ಬಹಳ ದಿನ ಓಡಾಡಿತು.

ಪರ್ತ್‌ನ ಡಾಕ್ಟರ್ ಹೀದರ್ ಒಮ್ಮೆ, "ಲುಡಿ, ನಿಮ್ಮ ಮನೆ ಚರ್ಚಿನ ಪಕ್ಕದಲ್ಲಾ? ಫೋನ್ ಮಾಡಿದಾಗೆಲ್ಲ ಪ್ರಾರ್ಥನೆ ಕೇಳಿಸುತ್ತಲ್ಲ" ಎಂದು ಕೇಳಿದ್ದಳು. "ಹೌದು ಡಾಕ್ಟರ್, ಹತ್ತಿರಾನೇ" ಎಂದುಬಿಟ್ಟಿದ್ದಳು ಲುಡಿ. ಕರೆಂಟಿನ ಪಾಡು ತಿಳಿದರೆ ಕರೆಂಟಿರುವ ಊರಿನವಳನ್ನೇ ಹುಡುಕಿಕೊಂಡಾರು ಎಂಬ ಅಂಜಿಕೆ. ಆಮೇಲೆ ಅದನ್ನು ತಿದ್ದಲು ಬಾಯಿ ಬರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಕರೆಂಟು ಇನ್ನೂ ಹದಗೆಟ್ಟಿತು. ಮೀನಂಗಡಿಯವರು ಮೀನನ್ನೆಲ್ಲ ಉಪ್ಪು ಹಾಕಿ ಒಣಗಿಸಿದರು. ಅದೇ ಹೊತ್ತಿಗೆ ಪರ್ತ್‌ನಿಂದ ಸುದ್ದಿ ಬಂತು: ಫೋನು ನೋಡಿಕೊಳ್ಳುವ ಇನ್ನೊಬ್ಬಳು ಹೆರಿಗೆಗೆ ಹೋಗುತ್ತಾಳೆ, ಮುಂದಿನ ವಾರದಿಂದ ಎಲ್ಲ ಕರೆಗಳೂ ನಿನಗೇ, ಒಂದೂ ತಪ್ಪಬಾರದು. ಲುಡಿ "ಆಗಲಿ" ಎಂದಳು. ಊರಿನಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು.

ಎಲ್ಲರೂ ಎಂದರೆ ತಪ್ಪಾದೀತು. ಅವಳ ಮನೆಯಿಂದ ಕೂಗಳತೆಯಲ್ಲಿದ್ದ ಲೋಲಾ ಇಡ್ಯೋಂಗ್ ಹಾಸಿಗೆ ಹಿಡಿದು ಆಗಲೇ ಕೆಲವು ದಿನವಾಗಿತ್ತು. ಲೋಲಾ ಎಂದರೆ ಅಜ್ಜಿ. ಊರಿಗೆಲ್ಲ ಅವಳು ಅಜ್ಜಿಯೇ. ಕಟ್ಟಿಗೆ ಒಲೆಯ ಗೂಡಿನಲ್ಲಿ ತೆಂಗಿನಕಾಯಿ ಬೆಲ್ಲ ತುಂಬಿದ ಬ್ರೆಡ್ಡು ಸುಟ್ಟು ಮಾರಿಕೊಂಡು ಬಂದವಳು. ಊರಿನಲ್ಲಿ ಹಲ್ಲು ಮೂಡಿದವರೆಲ್ಲ ಮೊದಲು ಕಚ್ಚಿದ್ದು ಅವಳ ಬ್ರೆಡ್ಡನ್ನೇ. ಅವಳಿಗೆ ಇದ್ದ ಒಂದೇ ಚಟ ಇಸ್ಪೀಟು. ಸಾವಿನ ಮನೆಯಲ್ಲಿ ಆಡಿದರೆ ಪಾದ್ರಿಯೂ ಬೈಯುವುದಿಲ್ಲವಾದ್ದರಿಂದ ಒಂದು ಹಾಯಾವನ್ನೂ ಬಿಟ್ಟವಳಲ್ಲ.

ಒಂದು ಬೆಳಿಗ್ಗೆ ಲುಡಿ ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಯಾರೋ ಹೇಳಿದರು, "ಲೋಲಾ ಇಡ್ಯೋಂಗ್‌ಗೆ ಪಾದ್ರಿ ಬಂದು ಸಾಯೋರಿಗೆ ಹಚ್ಚೋ ಕೊನೇ ಎಣ್ಣೆ ಹಚ್ಚಿ ಹೋದ್ರಂತೆ."

ಕೇಳಿದ ಕ್ಷಣ ಲುಡಿಯ ಮನಸ್ಸಿಗೆ ಬಂದದ್ದು ಜನರೇಟರು. ಸರಿಯಾಗಿ ಬೇಕಾದ ವಾರಕ್ಕೇ ಬಂತಲ್ಲ ಎಂಬ ನಿರಾಳ. ಅದರ ಬೆನ್ನಿಗೇ ತಾನು ಏನನ್ನು ನೆನೆದೆನೆಂಬುದು ಅರಿವಾಗಿ, ಹಿಂಡುತ್ತಿದ್ದ ಲಂಗ ಕೈಯಿಂದ ಜಾರಿ ಕೆಸರಿಗೆ ಬಿತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ಆ ಮುದುಕಿ ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಅಂಥವಳ ಸಾವನ್ನು ತಾನು ಪ್ಲಗ್ಗಿನ ಲೆಕ್ಕದಲ್ಲಿ ನೋಡುವಂತಾಯಿತೇ? ಲುಡಿ ನೇರ ಮನೆಗೆ ಹೋಗಿ, ಇದ್ದ ಕೋಳಿಗಳಲ್ಲಿ ಒಂದನ್ನು ಕೊಯ್ದು, ಶುಂಠಿ, ನುಗ್ಗೆಸೊಪ್ಪು ಹಾಕಿ ಸಾರು ಮಾಡಿ ತೆಗೆದುಕೊಂಡು ಹೋದಳು.

ಲೋಲಾಳ ಕೋಣೆ ಒಲೆಗೂಡಿನಂತೆ ಕಾದಿತ್ತು. ಮಗಳು ಪೆತಾ ಬೀಸಣಿಗೆ ಬೀಸುತ್ತ ಕೂತಿದ್ದಳು. ಮುದುಕಿ ಮೂಳೆಯ ಗೂಡಾಗಿದ್ದಳು, ಆದರೆ ಕಣ್ಣು ಮಾತ್ರ ಹಾಗೇ ಇತ್ತು.

"ಬಾರೇ ಲುಡಿ. ನೋಡೋಕೆ ಬಂದ್ಯಾ, ಪ್ಲಗ್ಗು ಎಲ್ಲಿದೆ ಅಂತ ಹುಡುಕೋಕೆ ಬಂದ್ಯಾ?"

"ಅಯ್ಯೋ ಲೋಲಾ, ಹಾಗನ್ನಬೇಡಿ."

"ಯಾಕೆ ಅನ್ನಬಾರ್ದು? ನಾನು ಎಷ್ಟು ಹಾಯಾ ನೋಡಿದೀನಿ. ಯಾರು ಅಳೋಕೆ ಬರ್ತಾರೆ, ಯಾರು ಬಿಸ್ಕತ್ತಿಗೆ ಬರ್ತಾರೆ ಅಂತ ಬಾಗಿಲಲ್ಲೇ ಹೇಳ್ತೀನಿ."

ಲುಡಿಗೆ ತಡೆಯಲಾಗಲಿಲ್ಲ. ಸಾರಿನ ಪಾತ್ರೆ ಕೆಳಗಿಟ್ಟು ಮುದುಕಿಯ ಕೈ ಹಿಡಿದು ಅತ್ತುಬಿಟ್ಟಳು. "ಪಾದ್ರಿ ಬಂದಿದ್ರು ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ನೀವಲ್ಲ ಲೋಲಾ. ಆ ಹಾಳು ಜನರೇಟರು. ನಾನು ಎಂಥವಳಾಗಿಬಿಟ್ಟೆ!"

ಮುದುಕಿ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಪೆತಾ ಎದ್ದು ಬೆನ್ನು ಸವರಬೇಕಾಯಿತು.

"ನನಗೂ ಅದೇ ನೆನಪಾಯ್ತು ಕಣೇ" ಎಂದಳು ಕೊನೆಗೆ. "ಪಾದ್ರಿ ಹಣೆಗೆ ಎಣ್ಣೆ ಹಚ್ಚುತ್ತಾ ಸ್ವರ್ಗದ ಮಾತು ಹೇಳ್ತಿದ್ರು. ನನ್ನ ತಲೇಲಿ ಏನು ಗೊತ್ತಾ? ನಾನು ಸತ್ತ ಮೇಲೆ ಫ್ಯಾನು ತಂದಿಟ್ಟು ನನ್ನ ಹೆಣಕ್ಕೆ ಗಾಳಿ ಹಾಕ್ತಾರೆ. ಈಗ ಬೆವರಿ ಸಾಯ್ತಿದೀನಿ, ಕೇಳೋರಿಲ್ಲ."

"ಕೇಳೋರಿಲ್ವಾ? ಬೆಳಿಗ್ಗೆಯಿಂದ ಬೀಸಿ ಬೀಸಿ ನನ್ನ ತೋಳು ಬಿದ್ದುಹೋಗಿದೆ" ಎಂದಳು ಪೆತಾ.

"ನೀನು ಸುಮ್ನಿರು. ಇನ್ನೊಂದು ವಿಷ್ಯ ಕೇಳು ಲುಡಿ. ನನ್ನ ಹಾಯಾಗೆ ಎಷ್ಟು ಜನ ಸೇರ್ತಾರೆ ಹೇಳು. ಊರಿಗೂರೇ ಬರತ್ತೆ. ನಾಲ್ಕೈದು ಮೇಜು ಇಸ್ಪೀಟು ನಡಿಯತ್ತೆ. ಅಷ್ಟು ದೊಡ್ಡ ಆಟದಲ್ಲಿ ನಾನೊಬ್ಬಳೇ ಆಡೋ ಹಾಗಿಲ್ಲ. ಇದು ನ್ಯಾಯಾನಾ?" ಅಷ್ಟು ಹೇಳಿ ಮಗಳ ಕಡೆ ತಿರುಗಿ, "ಪೆತಾ, ಹೋಗಿ ಕಾಪ್‌ನ ಕರ್ಕೊಂಡು ಬಾ" ಎಂದಳು.

ಕಾಪ್ ಎಂದರೆ ಊರಿನ ಮುಖಂಡ ಹಿಲಾರಿಯೋ. ಕೊನೆಯ ಮಾತೇನಾದರೂ ಇರಬಹುದೆಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗಂಭೀರವಾಗಿ ಒಳಗೆ ಬಂದ. ಹಿಂದೆ ಅಬುಂಡಿಯೋನೂ ಬಂದ. ಸಾವಿನ ವಾಸನೆ ಬಂದಲ್ಲಿ ತನ್ನ ಯಂತ್ರಕ್ಕೆ ಕೆಲಸ ಬೀಳುತ್ತದೆಂದು ಅವನಿಗೆ ಗೊತ್ತು.

"ಹಿಲಾರಿಯೋ, ನಾನು ಸತ್ರೆ ನನ್ನ ಮನೆಗೆ ಜನರೇಟರ್ ಬರುತ್ತೋ ಇಲ್ವೋ?"

"ಬಾರದೆ ಇರುತ್ತಾ ಲೋಲಾ? ಅದರ ಚಿಂತೆ ಬಿಡಿ."

"ಹಾಗಾದ್ರೆ ಅದನ್ನ ಈಗಲೇ ಕಳಿಸು. ನನ್ನ ಪಾಲಿನ ದಿನ ಬದುಕಿರುವಾಗಲೇ ಮುಗಿಸ್ಕೋತೀನಿ. ಸತ್ತಾಗ ಮೇಣದಬತ್ತಿ ಸಾಕು, ನನ್ನ ಅಮ್ಮನ್ನ ಮೇಣದಬತ್ತೀಲೇ ಕಳಿಸಿದ್ದು. ಪೆತಾ ಇದಾಳೆ, ಲುಡಿ ಇದಾಳೆ, ಇವರೇ ಸಾಕ್ಷಿ."

ಕಾಪ್ ಟೋಪಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ. "ಲೋಲಾ, ಜನರೇಟರ್ ಇರೋದು ಸಾವಿಗೆ, ಊರಹಬ್ಬಕ್ಕೆ, ಬಿರುಗಾಳಿ ಬಂದಾಗ. ಬದುಕಿರೋರಿಗೆ ಕೊಟ್ರೆ ನಾಳೆ ಎಲ್ಲಾರೂ ನಮಗೂ ಕೊಡಿ ಅಂತಾರೆ."

"ಅವರಿಗೂ ಪಾದ್ರಿ ಎಣ್ಣೆ ಹಚ್ಚಿದ್ರೆ ಕೊಡು. ಇಲ್ಲಾ ಅಂದ್ರೆ ಎಲ್ಲಾರೂ ಇಲ್ಲಿಗೇ ಬರಲಿ, ನಾನೇನು ಬೇಡ ಅಂತೀನಾ? ನೋಡು ಹಿಲಾರಿಯೋ, ನೀನು ಇಷ್ಟುದ್ದ ಇದ್ದಾಗ ನನ್ನ ಗೂಡಿಂದ ಬ್ರೆಡ್ಡು ಎಗರಿಸಿ ಚಡ್ಡಿಯೊಳಗೆ ಹಾಕ್ಕೊಂಡು, ತೊಡೆ ಸುಟ್ಕೊಂಡು..."

"ಆಯ್ತು, ಆಯ್ತು ಲೋಲಾ. ಅದೆಲ್ಲ ಈಗ್ಯಾಕೆ?" ಕಾಪ್‌ನ ಮುಖ ಕೆಂಪೇರಿತು. ಅಬುಂಡಿಯೋ ಕೆಮ್ಮಿ ನಗು ನುಂಗಿಕೊಂಡ.

"ತರ್ತೀನಿ. ಆದ್ರೆ ಒಂದು ಮಾತು" ಎಂದ ಅಬುಂಡಿಯೋ. "ಯಾರಾದ್ರೂ ನಿಜವಾಗಿ ಸತ್ರೆ ಎತ್ಕೊಂಡು ಹೋಗ್ತೀನಿ. ಆಮೇಲೆ ಯಾರೂ ಬೇಜಾರು ಮಾಡ್ಕೋಬಾರ್ದು."

"ಸತ್ತವರ ಜೊತೆ ನಾನ್ಯಾಕೆ ಜಗಳ ಆಡ್ಲಿ?" ಎಂದಳು ಲೋಲಾ.

ಹೀಗೆ ಲೋಲಾ ಇಡ್ಯೋಂಗ್‌ಳ ಹಾಯಾ, ಅವಳು ಬದುಕಿರುವಾಗಲೇ ಶುರುವಾಯಿತು. ಅಂಗಳದಲ್ಲಿ ಜನರೇಟರ್ ಗುಡುಗುಡು ಎಂದಿತು, ಕೋಣೆಯಲ್ಲಿ ಫ್ಯಾನು ತಿರುಗಿತು. ಕಿಟಕಿಯ ಬಳಿ ಲುಡಿಗೆ ಮೇಜು ಹಾಕಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಫೋನುಗಳನ್ನು ಹಿಡಿದುಕೊಂಡು ಅಕ್ಕಪಕ್ಕದವರು ಬಂದರು. ಬರಿಗೈಯಲ್ಲಿ ಬರಬಾರದೆಂದು ಒಬ್ಬರು ಬಿಸ್ಕತ್ತು ತಂದರು, ಒಬ್ಬರು ಸಕ್ಕರೆ, ಯಾರೋ ಜನರೇಟರಿಗೆ ಒಂದು ಬಾಟಲಿ ಪೆಟ್ರೋಲು. ಸಂಜೆಗೆ ಇಸ್ಪೀಟಿನ ಮೇಜು ಬಂತು. ಲೋಲಾಳಿಗೆ ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದರು. ಪಕ್ಕದ ಮನೆಯ ಸೊಸೆ ಚೆಲ್ಲಿದ ಬಿಸ್ಕತ್ತಿನ ಪುಡಿ ಗುಡಿಸಲು ಪೊರಕೆ ಎತ್ತಿದಾಗ ಎಲ್ಲರೂ ಒಟ್ಟಿಗೆ ಕೂಗಿದರು, "ಏಯ್, ಹಾಯಾ ಮನೇಲಿ ಗುಡಿಸ್ಬಾರ್ದು!"

"ಗುಡಿಸೇ ನೀನು" ಎಂದಳು ಲೋಲಾ ಎಲೆ ಎಸೆಯುತ್ತಾ. "ಹೆಣ ಒಪ್ಪಿಗೆ ಕೊಟ್ಟಿದೆ."

ಲುಡಿ ಕಿಟಕಿಯ ಬಳಿ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಲೇ ಇರುತ್ತಿದ್ದಳು. ಲೋಲಾಳಿಗೆ ಇಂಗ್ಲಿಷು ಅರ್ಧಂಬರ್ಧ ತಿಳಿಯುತ್ತಿತ್ತು. ಫೋನಿಟ್ಟ ಕೂಡಲೇ ಉಳಿದರ್ಧ ಕೇಳುತ್ತಿದ್ದಳು.

"ಏನಂತೆ?"

"ನಾಯಿ ಕಾಲುಚೀಲ ನುಂಗಿದೆ ಲೋಲಾ."

"ಒಂದಾ, ಜೊತೆಯಾ?"

"ಒಂದು. ನಾಳೆ ಬೆಳಿಗ್ಗೆ ಹೊಟ್ಟೆ ಕೊಯ್ತಾರೆ."

"ಅಯ್ಯೋ ಪಾಪ. ನಾಳೆ ಏನಾಯ್ತು ಅಂತ ಕೇಳಿ ಹೇಳ್ಬೇಕು ನೀನು."

ಮರುದಿನ ಕಾಲುಚೀಲ ಹೊರಬಂದ ಸುದ್ದಿ ಹೇಳಿದಾಗ ಮುದುಕಿ ಅರ್ಧ ಬಟ್ಟಲು ಗಂಜಿ ಹೆಚ್ಚಿಗೆ ಕುಡಿದಳು. ಗಾಳಿಗೆ ನಿದ್ದೆ ಹತ್ತಿತೋ, ಜನ ಕಂಡು ಜೀವಕ್ಕೆ ಹಿತವಾಯಿತೋ, ಕೋಳಿ ಸಾರು ಕೆಲಸ ಮಾಡಿತೋ, ಯಾರಿಗೂ ಗೊತ್ತಾಗಲಿಲ್ಲ. ಕೆಲವು ದಿನಗಳಲ್ಲಿ ಅವಳು ಗೋಡೆ ಹಿಡಿದು ಬಚ್ಚಲಿಗೆ ತಾನೇ ನಡೆದು ಹೋದಳು. ಪೆತಾ ಹಿಂದಿನಿಂದ ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುವುದನ್ನು ಲುಡಿ ನೋಡಿದಳು. ಲುಡಿಯ ಎದೆಯ ಮೇಲೆ ಬಾವಿಕಟ್ಟೆಯಿಂದ ಹೊತ್ತು ತಂದ ಕಲ್ಲೊಂದಿತ್ತಲ್ಲ, ಅದು ಆ ಗಳಿಗೆಯಲ್ಲಿ ಹಗುರಾಯಿತು.

ಆದರೆ ಅದೇ ಮುಂಜಾನೆ ಮೇಲಿನ ಕೇರಿಯ ಸರ್ವಾಂದೋ ಹೋಗಿಬಿಟ್ಟ. ತೆಂಗಿನ ಮರದಿಂದ ಹೆಂಡ ಇಳಿಸುತ್ತಿದ್ದವನು, ಒಂದು ದಿನವೂ ಕಾಯಿಲೆಯೆಂದು ಮಲಗಿದವನಲ್ಲ. ಮರ ಹತ್ತುವ ಮುಂಚೆ ಬುಡದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡವನು ಹಾಗೇ ಒರಗಿಕೊಂಡಿದ್ದನಂತೆ. ಅವನ ಕರಿನಾಯಿ ಇತೋಮ್ ಬೊಗಳಿ ಬೊಗಳಿ ಜನ ಕೂಡಿಸಿತಂತೆ.

ಅಬುಂಡಿಯೋ ಬಂದು ಜನರೇಟರ್ ಆರಿಸಿದ. ಫ್ಯಾನು ನಿಂತಿತು. ಲುಡಿ ಲ್ಯಾಪ್‌ಟಾಪು ಮಡಚಿ ಚೀಲಕ್ಕೆ ಹಾಕಿದಳು.

"ನಡಿ, ಅವನ ಜೊತೆಗೇ ಹೋಗು. ಇನ್ನೇನು ನಿಂಗೆ ಫೋನು ಬರೋ ಹೊತ್ತು" ಎಂದಳು ಲೋಲಾ.

"ಇಲ್ಲ ಲೋಲಾ. ನಾಂಗ್ ಫ್ಲಾವಿಯಾನ ಗಂಡ ಹೋಗಿ ಇನ್ನೂ ಹೆಣ ತಣ್ಣಗಾಗಿಲ್ಲ. ನಾಂಗ್ ಅಂತ, ಅಕ್ಕಾ ಅಂತ ಕರಿಯೋ ಬಾಯಲ್ಲಿ ಪ್ಲಗ್ಗು ಎಲ್ಲಿ ಅಂತ ಹೇಗೆ ಕೇಳ್ಲಿ? ನನ್ನಿಂದಾಗಲ್ಲ."

"ಹಾಗಾದ್ರೆ ಪ್ಲಗ್ಗು ಬಿಡು, ಅಳೋಕೆ ಬಾ. ನಾನೂ ಬರ್ತೀನಿ. ಅಬುಂಡಿಯೋ, ಗಾಡೀಲಿ ಜಾಗ ಇದ್ಯೇನೋ?"

ಪೆತಾ ಬಾಯಿಬಾಯಿ ಬಡಿದುಕೊಂಡಳು. ಆದರೆ ಮುದುಕಿ ಹಟ ಬಿಡಲಿಲ್ಲ. ಸರ್ವಾಂದೋನ ಮದುವೆಗೆ ಬ್ರೆಡ್ಡು ಸುಟ್ಟವಳು ತಾನು, ಅವನನ್ನು ಕಳಿಸಿಕೊಡಲು ಹೋಗದೆ ಇರುತ್ತೇನೆಯೇ ಎಂದಳು. ಕೊನೆಗೆ ಮೇಲಿನ ಕೇರಿಯವರು ಕಂಡದ್ದು ಇದು: ತಳ್ಳುಗಾಡಿಯ ಮೇಲೆ ಜನರೇಟರು, ಅದಕ್ಕೆ ಒರಗಿ ದಿಂಬಿನ ಮೇಲೆ, ಪಾದ್ರಿಯ ಕೊನೆಯ ಎಣ್ಣೆ ಹಚ್ಚಿಸಿಕೊಂಡ ಲೋಲಾ ಇಡ್ಯೋಂಗ್, ಅವಳ ತಲೆಯ ಮೇಲೆ ಕೊಡೆ ಹಿಡಿದ ಪೆತಾ, ಹಿಂದೆ ತಲೆ ತಗ್ಗಿಸಿಕೊಂಡು ಲುಡಿ.

ಫ್ಲಾವಿಯಾ ಬಾಗಿಲಲ್ಲಿ ಕೂತಿದ್ದಳು. ಲೋಲಾಳನ್ನು ಕಂಡು ಎದ್ದು ಬಂದು ತಬ್ಬಿಕೊಂಡು ಅತ್ತಳು. ಲುಡಿ ಅಂಗಳದ ಬೇಲಿಯ ಬಳಿಯೇ ನಿಂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಫ್ಲಾವಿಯಾಳೇ ಅವಳ ಬಳಿ ಬಂದಳು.

"ಯಾಕೆ ಇಲ್ಲೇ ನಿಂತೆ?"

"ಸುಮ್ನೆ, ನಾಂಗ್."

"ಚೀಲ ತಂದಿದೀಯಲ್ಲ. ಒಳಗೆ ಬಾ, ಆ ಗೋಡೆ ಹತ್ರ ಕೂತ್ಕೋ. ಮಕ್ಕಳು ಸೆಬು ಪಟ್ಟಣದಿಂದ ಬರೋಕೆ ನಾಳೆ ಆಗುತ್ತೆ. ಮನೆ ಬಿಕೋ ಅಂತಿದೆ ಲುಡಿ. ಯಾರಾದ್ರೂ ಮಾತಾಡ್ತಾ ಇರಲಿ, ಏನಾದ್ರೂ ಮಾತಾಡ್ತಾ ಇರಲಿ."

ಲುಡಿ ಒಳಗೆ ಹೋಗಿ ಮೊದಲು ಸರ್ವಾಂದೋನ ಕಾಲು ಮುಟ್ಟಿದಳು. ಆಮೇಲೆ ಗೋಡೆಯ ಬಳಿ ಕೂತಳು. ಮೊದಲ ಕರೆ ಬಂತು, ಮುಂದಿನದು ಬಂತು. ಅವಳು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಫ್ಲಾವಿಯಾ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಅರ್ಥವಾದಷ್ಟು ಕೇಳುತ್ತಿದ್ದಳು. ನಡುವೆ ಬಿಡುವು ಸಿಕ್ಕಾಗ ಮೆಲ್ಲಗೆ ಕೇಳಿದಳು, "ಲುಡಿ, ನಿನ್ನ ಫೋನಿನವರು ನಾಯಿ ಡಾಕ್ಟರಲ್ವಾ? ಇತೋಮ್, ನಮ್ಮ ಮನೆಯವರು ಕೂತಿದ್ದ ಮರದ ಬುಡ ಬಿಟ್ಟು ಬರ್ತಿಲ್ಲ. ಬಾಯಿಗೆ ನೀರೂ ಹಾಕಿಲ್ಲ. ಅದೂ ಸತ್ರೆ ನಾನೇನು ಮಾಡ್ಲಿ?"

ಮಧ್ಯಾಹ್ನ ಡಾಕ್ಟರ್ ಹೀದರ್ ಬೇರೇನೋ ಕೇಳಲು ಫೋನು ಮಾಡಿದಾಗ ಲುಡಿ ಮಾತು ಮುಗಿಸಿ, "ಡಾಕ್ಟರ್, ಒಂದು ನಾಯಿ ವಿಷಯ ಕೇಳಲಾ? ಯಜಮಾನ ಬೆಳಿಗ್ಗೆ ತೀರಿಕೊಂಡ. ನಾಯಿ ನೀರು ಮುಟ್ಟುತ್ತಿಲ್ಲ" ಎಂದಳು.

"ಯಾರ ನಾಯಿ? ಪಟ್ಟಿಯಲ್ಲಿ ಹೆಸರಿಲ್ಲವಲ್ಲ."

"ನಿಮ್ಮ ಊರಿನದಲ್ಲ. ನಮ್ಮ ಊರಿನದು. ನಾನು ಅವರ ಮನೆಯಲ್ಲೇ ಇದ್ದೇನೆ."

"ಅವರ ಮನೆಯಲ್ಲಾ? ಸತ್ತವರ ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದೀಯಾ?"

ಅಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು. ಹೆಂಗಸರ ದನಿ ಮನೆ ತುಂಬಿತು. ಲುಡಿ ಕಣ್ಣು ಮುಚ್ಚಿಕೊಂಡಳು. ಇನ್ನು ಮುಚ್ಚಿಟ್ಟು ಫಲವಿಲ್ಲ ಎನಿಸಿತು.

"ಡಾಕ್ಟರ್, ನನ್ನ ಮನೆ ಚರ್ಚಿನ ಪಕ್ಕದಲ್ಲಿಲ್ಲ. ನಮ್ಮಲ್ಲಿ ಕರೆಂಟಿಲ್ಲ. ಸಾವಿನ ಮನೆಗೆ ಊರಿನವರು ಜನರೇಟರ್ ಕೊಡುತ್ತಾರೆ. ನಾನು ಅದರ ಹಿಂದೆ ಹೋಗುತ್ತೇನೆ. ನೀವು ಕೇಳಿದ ಪ್ರಾರ್ಥನೆಯೆಲ್ಲ ಅವರವರ ಮನೆಯದು."

ಫೋನು ಕಡಿದುಹೋಯಿತೋ, ಕೆಲಸವೇ ಕಡಿದುಹೋಯಿತೋ ಎಂದು ಲುಡಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನಾಯಿಗೆ ಎಷ್ಟು ವಯಸ್ಸು?" ಎಂದಳು ಹೀದರ್ ಕೊನೆಗೆ. ದನಿ ಬದಲಾಗಿತ್ತು. ಕೇಳಬೇಕಾದ್ದನ್ನೆಲ್ಲ ಕೇಳಿ ಹೇಳಿದಳು, "ಒಗೆಯದೆ ಇರುವ ಅವರ ಅಂಗಿ ಒಂದನ್ನು ನಾಯಿಯ ಹತ್ತಿರ ಹಾಸಿ. ಊಟ ತಟ್ಟೆಯಲ್ಲಿಡಬೇಡಿ. ಮನೆಯವರೇ ಪಕ್ಕದಲ್ಲಿ ಕೂತು ಕೈಯಿಂದ ತಿನ್ನಿಸಲಿ, ಅವಸರ ಮಾಡಬಾರದು. ಆಮೇಲೆ, ಲುಡಿ, ಆ ಹೆಂಗಸಿಗೆ ನನ್ನ ಸಂತಾಪ ಹೇಳು."

"ಹೇಳುತ್ತೇನೆ ಡಾಕ್ಟರ್."

"ನಿನ್ನ ವಿಷಯ. ಕರೆಂಟು ಇಲ್ಲದ ಹೊತ್ತು ಯಾವುದು ಅಂತ ನನಗೊಂದು ಸಂದೇಶ ಕಳಿಸಿದರೆ ಸಾಕು. ಆಗ ಫೋನು ಇಲ್ಲಿಯೇ ಯಾರಾದರೂ ಎತ್ತುತ್ತಾರೆ, ಇಲ್ಲದಿದ್ದರೆ ನಾನೇ ಎತ್ತುತ್ತೇನೆ. ಇದನ್ನು ಮೊದಲೇ ಹೇಳಬಾರದಿತ್ತೇ? ನಿನ್ನಂಥ ದನಿಯವಳನ್ನು ನಾನು ಇನ್ನೆಲ್ಲಿ ಹುಡುಕಲಿ?"

ಲುಡಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಗೋಡೆಗೆ ಒರಗಿದಳು. ಅವಳ ಕಣ್ಣಲ್ಲಿ ನೀರು ಸುರಿಯುವುದನ್ನು ಕಂಡು ಪ್ರಾರ್ಥನೆಯ ಹೆಂಗಸೊಬ್ಬಳು, "ಪಾಪ, ಸರ್ವಾಂದೋ ಅಂದ್ರೆ ಅವಳಿಗೆ ಎಷ್ಟು ಪ್ರೀತಿ" ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು.

ಸಂಜೆ ಫ್ಲಾವಿಯಾ ಗಂಡನ ಬೆವರಿನ ಅಂಗಿ ತೆಗೆದುಕೊಂಡು ತೋಟಕ್ಕೆ ಹೋದಳು. ಲುಡಿ ಅನ್ನಕ್ಕೆ ಮೀನಿನ ಸಾರು ಕಲಸಿ ಬಟ್ಟಲು ಹಿಡಿದುಕೊಂಡು ಹಿಂದೆ ಹೋದಳು. ಇತೋಮ್ ಅಂಗಿಯನ್ನು ಮೂಸಿ ಅದರ ಮೇಲೆ ಗದ್ದವಿಟ್ಟು ಮಲಗಿತು. ಫ್ಲಾವಿಯಾ ಅದರ ಪಕ್ಕದಲ್ಲಿ ನೆಲಕ್ಕೆ ಕೂತು ಒಂದು ತುತ್ತು ಮುಂದೆ ಹಿಡಿದಳು. ನಾಯಿ ಮುಖ ತಿರುಗಿಸಿತು. ಅವಳು ಕೈ ತೆಗೆಯಲಿಲ್ಲ. ಗಂಡನ ವಿಷಯ ನಾಯಿಗೆ ಏನೇನೋ ಹೇಳುತ್ತಾ ಕೂತಳು, ಬೆಳಿಗ್ಗೆಯಿಂದ ಯಾರಿಗೂ ಹೇಳದೆ ಉಳಿಸಿಕೊಂಡದ್ದನ್ನೆಲ್ಲ. ಹೊತ್ತು ಕಂತುವಷ್ಟರಲ್ಲಿ ನಾಯಿ ನಾಲಿಗೆ ಚಾಚಿ ಅವಳ ಅಂಗೈ ನೆಕ್ಕಿತು. ಆಮೇಲೆ ತುತ್ತನ್ನೂ ತಿಂದಿತು. ಬಟ್ಟಲಲ್ಲಿ ಉಳಿದದ್ದನ್ನು ಫ್ಲಾವಿಯಾ ತಾನೂ ಎರಡು ತುತ್ತು ಬಾಯಿಗೆ ಹಾಕಿಕೊಂಡಳು. ಅವಳಿಗೂ ಆ ದಿನದ ಮೊದಲ ಊಟ ಅದೇ.

ಅವರು ಹಿಂದಿರುಗಿದಾಗ ಒಳಗೆ ಲೋಲಾ ಇಡ್ಯೋಂಗ್ ಇಸ್ಪೀಟಿನಲ್ಲಿ ಕಾಪ್‌ನನ್ನು ಸೋಲಿಸಿ, ಗೆದ್ದದ್ದನ್ನೆಲ್ಲ ಎಣಿಸದೆ ಸರ್ವಾಂದೋನ ಪೆಟ್ಟಿಗೆಯ ಮೇಲಿದ್ದ ಕಾಣಿಕೆಯ ಬಟ್ಟಲಿಗೆ ಸುರಿಯುತ್ತಿದ್ದಳು.

ಮಳೆ ಶುರುವಾಗುವ ಮುಂಚೆ ಹಡಗಿನಲ್ಲಿ ಕರೆಂಟಿನ ಹೊಸ ಇಂಜಿನ್ನುಗಳು ಬಂದವು. ಲಾರಿಯಲ್ಲಿ ಅವುಗಳನ್ನು ಸಾಗಿಸುವಾಗ ಜನ ರಸ್ತೆಯ ಇಕ್ಕೆಲದಲ್ಲಿ ನಿಂತು ಕೈ ಬೀಸಿದರು. ಅಬುಂಡಿಯೋ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದ. ಎಲ್ಲರಿಗೂ ಕರೆಂಟು ಬಂದರೆ ತನ್ನ ಯಂತ್ರವನ್ನು ಯಾರು ಕೇಳುತ್ತಾರೆಂಬ ಚಿಂತೆ. ಕರೆಂಟು ಆಮೇಲೂ ಹೋಗುತ್ತಿತ್ತು, ಹೋದದ್ದು ತಿರುಗಿ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಲುಡಿ ಪರ್ತ್‌ಗೆ ಒಂದು ಸಾಲು ಬರೆದು ಕಳಿಸಿ, ಒಲೆಯ ಮೇಲೆ ಅನ್ನಕ್ಕಿಟ್ಟು, ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೆ ಕೂತಿದ್ದಾಗ ಗಂಡನ ವಿಡಿಯೋ ಕರೆ ಬಂತು. ಅವನ ಹಡಗು ಯಾವುದೋ ದೂರದ ಬಂದರಿನಲ್ಲಿತ್ತು.

"ಕರೆಂಟು ಇಲ್ವಾ? ಕೆಲಸ ಬಿಟ್ಟು ಕೂತಿದೀಯಾ?" ಎಂದು ಗಾಬರಿಯಾಗಿ ಕೇಳಿದ ರುವೆಲ್.

"ಇಲ್ಲ. ಬರುತ್ತೆ ಬಿಡಿ" ಎಂದಳು ಲುಡಿ, ಕಾಲು ಚಾಚಿಕೊಳ್ಳುತ್ತಾ. "ನೀವು ಊಟ ಮಾಡಿದ್ರಾ, ಅದನ್ನ ಹೇಳಿ."